ಬಿದ್ದ ಮನಿಗೆ ಸಾಕ್ಷಿ ಯಾರು? ಆಣೆವಾರಿಯಿಂದ ಎ-ಬಿ-ಸಿ ತನಕ

ಈ ಸಲ ಬೆಳೆ ಬಗ್ಗೆ ಅಲ್ಲ, ಮನಿ ಬಗ್ಗೆ ಬರೀತೀನಿ. ಸ್ವಲ್ಪ ಉದ್ದ ಐತಿ, ಹೊಲಕ್ಕ ನೀರು ಬಿಟ್ಟು ಬದುವಿನ ಮ್ಯಾಲೆ ಕುಂತಾಗ ಓದ್ರಿ.

ಮಲಪ್ರಭಾ ದಂಡಿಯ ನಮ್ಮಂಥ ಊರಾಗ ಹೊಳಿ ಬಂದು ಇಳಿದ ಮೇಲೆ ಎರಡು ನಮೂನಿ ಹಾನಿ ಲೆಕ್ಕಕ್ಕ ಬರತಾವ. ಒಂದು ಬೆಳೆ, ಇನ್ನೊಂದು ಮನಿ. ಬೆಳೆ ಹೋದವನು ಉತಾರ ಹಿಡಕೊಂಡು ಹೋಗತಾನ. ಸರ್ವೆ ನಂಬರು, ಎಕರೆ-ಗುಂಟೆ, ಬೆಳೆ ಕಾಲಂ ಎಲ್ಲಾ ಆ ಒಂದು ಹಾಳಿಯಾಗ ಇರತೈತಿ. ಮನಿ ಬಿದ್ದವನ ಕೈಯಾಗ ಏನಿರತೈತಿ? ರೇಷನ್ ಕಾರ್ಡು, ಕರೆಂಟ್ ಬಿಲ್ಲು, ಪಂಚಾಯ್ತಿಗೆ ಮನಿಪಟ್ಟಿ ಕಟ್ಟಿದ ಪಾವತಿ ಸಿಕ್ಕರೆ ಅದು. ಇವು ಮೂರೂ "ಇಲ್ಲಿ ಒಬ್ಬ ಮನುಷ್ಯ ಇದ್ದ" ಅಂತ ಹೇಳತಾವ ಹೊರತು, "ಇಲ್ಲಿ ಇಷ್ಟು ಅಂಕಣದ ಮನಿ ಇತ್ತು, ಅದರಾಗ ಇಷ್ಟು ಬಿತ್ತು" ಅಂತ ಯಾವುದೂ ಹೇಳೂದಿಲ್ಲ. ಇದು ಮೊನ್ನೆ ಮೊನ್ನೆ ಹುಟ್ಟಿದ ತೊಂದರೆ ಅಲ್ಲ. ಇದರ ಬೇರು ಬ್ರಿಟಿಷರ ಮೋಜಣಿ ತನಕ ಹೋಗತೈತಿ ಅನ್ನೋದು ನನ್ನ ಲೆಕ್ಕ.

1840ರ ದಶಕದಾಗ ಧಾರವಾಡ ಸೀಮೆಯ ಮೋಜಣಿ ನಡೀತು. ಅದರ ಉಸ್ತುವಾರಿ ವಿಂಗೇಟ್ ಅನ್ನೋ ಸಾಹೇಬಂದು. ಹೊಲ ಹೊಲಕ್ಕ ಸರಪಳಿ ಹಿಡಿದು ಅಳೆದರು, ಮೂಲೆಗೆ ಕಲ್ಲು ನೆಟ್ಟರು, ಮಣ್ಣಿನ ಗುಣವನ್ನೂ ಆಣೆ ಲೆಕ್ಕದಾಗ ಬರೆದರು. ಇಂಥಾ ಹೊಲ ಹದಿನಾರಾಣೆ, ಇಂಥಾದ್ದು ಎಂಟಾಣೆ ಅಂತ. ನಮ್ಮ ಮುತ್ತಜ್ಜನ ಕಾಲದ ಎರೆ ಹೊಲದ ಹಣೆಬರಹ ಅವತ್ತೇ ಕಾಗದಕ್ಕ ಏರಿತು. ಆದರ ಊರು ಕುಂತ ಜಾಗಕ್ಕ ಹಿಂಗ ಮಾಡಲಿಲ್ಲ. ಸುತ್ತ ಒಂದು ಗೆರಿ ಎಳೆದು ಗಾಂವಠಾಣ ಅಂತ ಬರೆದರು, ಒಳಗ ಯಾರ ಮನಿ ಎಷ್ಟುದ್ದ ಎಷ್ಟಗಲ ಅನ್ನೋದರ ಗೊಡವಿಗೆ ಹೋಗಲಿಲ್ಲ. ಯಾಕಂದ್ರ ಸರಕಾರಕ್ಕ ಕಂದಾಯ ಬರೋದು ಹೊಲದಿಂದ, ಮನಿಯಿಂದಲ್ಲ. ರೊಕ್ಕ ಬರದ ಜಾಗವನ್ನ ಯಾರು ಅಳೀತಾರ?

ಬೆಳೆ ಹಾನಿ ಅಳಿಯೋದಕ್ಕೂ ಅದೇ ಆಣೆ. ಮುಂಬೈ ಇಲಾಖೆಯಾಗ ಆಣೆವಾರಿ ಅಂತ ಇತ್ತು, ಹಳೇ ಮಂದಿಗೆ ಈಗಲೂ ಆ ಮಾತು ಬಾಯಾಗ ಐತಿ. ತುಂಬು ಬೆಳೆ ಅಂದ್ರ ಹದಿನಾರಾಣೆ. ನಾಲ್ಕಾಣೆ ಒಳಗ ಬಂದರೆ ಆ ವರ್ಷದ ಕಂದಾಯ ಪೂರ್ತಿ ಮುಂದಕ್ಕ ಹಾಕತಿದ್ದರು, ನಾಲ್ಕರಿಂದ ಆರಾಣೆ ಬಂದರೆ ಅರ್ಧ. ಹಂಗಾದ್ರ ಬರಕ್ಕ, ನೆರೆಗೆ, ಬೆಳೆಗೆ ಒಂದು ಅಳತಿಗೋಲು ನೂರು ವರ್ಷದ ಹಿಂದೇ ಇತ್ತು. ಸರಿಯಾಗಿ ಅಳೆದರೋ ಇಲ್ಲೋ ಅದು ಬ್ಯಾರೆ ಮಾತು, ಆರಾಣೆ ಬೆಳೆಗೆ ಎಂಟಾಣೆ ಬರೆದು ಕಂದಾಯ ಕಿತ್ತಿದ್ದರ ಜಗಳ ಎಲ್ಲಾ ಊರಾಗೂ ಇದ್ದವು. ಆದರ ಅಳತಿ ಅಂತೂ ಇತ್ತು. ಮನಿಗೆ ಇಂಥಾ ಆಣೆವಾರಿ ಇರಲಿಲ್ಲ.

ಕೈಗೆ ದುಡ್ಡು ಕೊಡೋ ಪದ್ಧತಿ ಅಂದ್ರ ತಗಾವಿ. 1883ರ ಭೂಸುಧಾರಣೆ ಸಾಲದ ಕಾಯ್ದೆ, 1884ರ ರೈತರ ಸಾಲದ ಕಾಯ್ದೆ, ಇವೆರಡರ ಮ್ಯಾಲೆ ಬೀಜಕ್ಕ, ಎತ್ತಿಗೆ, ಬಾವಿಗೆ, ಸಂಕಟ ಕಾಲಕ್ಕ ಕೊಡತಿದ್ದರು. ಅದು ಸಾಲ. ತಿರುಗಿ ಕಟ್ಟಬೇಕು, ಕಟ್ಟದಿದ್ದರೆ ಜಪ್ತಿ. ನಮ್ಮ ಅಜ್ಜಗೋಳು "ತಗಾವಿ ಎತ್ತು" ಅಂತ ಎತ್ತಿಗೇ ಹೆಸರಿಟ್ಟಿದ್ದರು, ಅದು ದುಡಿದದ್ದು ಸಾಲಕ್ಕೇ ಅಂತ.

ಹಂಗಾದ್ರ ಹೊಳಿ ಬಂದು ಮನಿ ಬಿದ್ದಾಗ ಸಾಕ್ಷಿ ಯಾರು? ಊರ ಗೌಡ ಮತ್ತು ಕುಲಕರ್ಣಿ. ಅವರ ನೆನಪೇ ದಫ್ತರ. ಯಾರ ಮನಿ ಎಲ್ಲಿತ್ತು, ಎಷ್ಟು ತೊಲಿ, ಯಾವ ಕಡೆ ಬಾಗಲ ಅಂತ ಅವರಿಗೆ ಗೊತ್ತಿತ್ತು. ಇದನ್ನ ನಾನು ಹೊಗಳತಿಲ್ಲ. ಅವರ ನೆನಪು ದೊಡ್ಡ ಓಣಿಗೆ ಚಲೋ ಇರತಿತ್ತು, ಕೇರಿ ಕಡೆ ಬಂದಾಗ ಮಸಕಾಗತಿತ್ತು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1963ರ ಫೆಬ್ರುವರಿ 1ರಿಂದ ಜಾರಿಗೆ ಬಂದು ವಂಶದ ಗೌಡಕಿ-ಕುಲಕರ್ಣಿಕಿ ಹೋತು, ಪಗಾರದ ತಲಾಟಿ ಬಂದ. ತಲಾಟಿ ವರ್ಗ ಆಗಿ ಹೋಗೋ ಮನುಷ್ಯ. ಅವನಿಗೆ ನೆನಪಿಲ್ಲ, ಕಾಗದ ಬೇಕು. ಕಾಗದ ನಮ್ಮ ಹತ್ತಿರ ಇಲ್ಲ. ನೆನಪು ಹೋಗಿ ಕಾಗದ ಬರೋದರ ನಡುವಿನ ಈ ಸಂದಿಯೊಳಗ ನಮ್ಮ ಮನಿಗಳು ಬಿದ್ದಾವ ನೋಡ್ರಿ.

ಈಗ ದಿಲ್ಲಿ ಕಡೆ ಬರೋಣ. 9ನೇ ಹಣಕಾಸು ಆಯೋಗ ಹೇಳಿದ ಮೇಲೆ 1990-91ರಿಂದ ವಿಪತ್ತು ಪರಿಹಾರ ನಿಧಿ ಅಂತ ರಾಜ್ಯಗಳಿಗೆ ಬಂತು. 2005ರಾಗ ವಿಪತ್ತು ನಿರ್ವಹಣಾ ಕಾಯ್ದೆ ಆತು, 2010ರಿಂದ ಅದೇ ನಿಧಿ ಎಸ್‌ಡಿಆರ್‌ಎಫ್ ಅಂತ ಹೆಸರು ಬದಲಾಯಿಸಿತು. ನಿಧಿ ಜೊತೆಗೆ ಒಂದು ದರಪಟ್ಟಿ ಬರತೈತಿ, ಯಾವುದಕ್ಕ ಎಷ್ಟು ಅಂತ. ಅದನ್ನ ಎಲ್ಲರೂ ಒಮ್ಮೆ ಓದಬೇಕು, ಬರೇ ಎಂಟ್ಹತ್ತು ಪುಟ. 2015ರ ಪಟ್ಟಿ ಪ್ರಕಾರ ಬಯಲು ಸೀಮೆಯಾಗ ಮನಿ ಪೂರ್ತಿ ಬಿದ್ದರೆ 95,100 ರೂಪಾಯಿ. ಸ್ವಲ್ಪ ಬಿದ್ದರೆ ಪಕ್ಕಾ ಮನಿಗೆ 5,200, ಕಚ್ಚಾ ಮನಿಗೆ 3,200. ಗುಡಿಸಲಿಗೆ 4,100. ಮನಿಗೆ ಹತ್ತಿದ ದನದ ಕೊಟ್ಟಿಗೆಗೆ 2,100. ಅರಿವೆಗೆ 1,800, ಭಾಂಡೆ ಸಾಮಾನಿಗೆ 2,000. 2022ರಾಗ ಈ ದರ ಏರಿದವು, ಪೂರ್ತಿ ಬಿದ್ದ ಮನಿಗೆ 1,20,000 ಆತು.

ದರಕ್ಕಿಂತ ಅದರ ಷರತ್ತು ನೋಡ್ರಿ, ಅಲ್ಲಿ ಐತಿ ವಿಷಯ. ಒಂದು, ಸ್ವಲ್ಪ ಹಾನಿ ಅನ್ನಿಸಿಕೊಳ್ಳಾಕ ಕನಿಷ್ಠ 15% ಬಿದ್ದಿರಬೇಕು. ಎರಡು, ಅರಿವೆ-ಭಾಂಡೆ ದುಡ್ಡು ಬರಬೇಕಾದರೆ ಮನಿ ಕೊಚ್ಚಿ ಹೋಗಿರಬೇಕು, ಪೂರ್ತಿ ಬಿದ್ದಿರಬೇಕು, ಇಲ್ಲಾ ಎರಡು ದಿನಕ್ಕಿಂತ ಹೆಚ್ಚು ನೀರಾಗ ನಿಂತಿರಬೇಕು. ಮೂರು, ಮನಿ ಅಧಿಕೃತ ಕಟ್ಟಡ ಅಂತ ಸಂಬಂಧಪಟ್ಟ ಅಧಿಕಾರಿ ದೃಢೀಕರಿಸಿರಬೇಕು. ಈ ಮೂರನೇದ್ದನ್ನ ಓದಿ ನನಗ ನಗಿ ಬಂತು, ಸಿಟ್ಟೂ ಬಂತು. ಗೆರಿ ಎಳೆದು ಒಳಗ ಅಳೀದ ಬಿಟ್ಟವರು ಸರಕಾರದವರೇ, ಈಗ ಅಧಿಕೃತ ಅಂತ ತೋರಿಸು ಅನ್ನೋರೂ ಅವರೇ.

ಇನ್ನು ನಮ್ಮ ಮನಿ ಎಂಥಾದ್ದು ಅಂತ ಹೇಳಬೇಕು. ಬೆಂಗಳೂರು ಕಡೆ ಓದೋರಿಗೆ ಗೊತ್ತಿರೂದಿಲ್ಲ. ಮಣ್ಣಿನ ಗೋಡೆ, ಕೆಳಗ ಎರಡು ಮೊಳ ಕಲ್ಲು. ಗೋಡೆ ಎರಡಡಿ ದಪ್ಪ. ಕಂಬ, ತೊಲಿ, ಜಂತಿ ಮ್ಯಾಲೆ ಕಟಗಿ ಹಾಸು, ಅದರ ಮ್ಯಾಲೆ ಒಂದೂವರೆ ಅಡಿ ಮಣ್ಣಿನ ಮೇಲ್ಮುದ್ದಿ, ಮ್ಯಾಲೆ ಸವಳು ಮಣ್ಣು. ತಲಬಾಗಲ ದಾಟಿದ ಕೂಡಲೇ ಎಡಕ್ಕ ದನ ಕಟ್ಟೋ ಜಾಗ, ಅಲ್ಲಿಂದ ಒಂದು ಮೆಟ್ಟಲು ಏರಿದರೆ ಪಡಸಾಲಿ. ಎಲ್ಲಾ ಒಂದೇ ಮಾಳಿಗಿ ಕೆಳಗ. ಇದು ಪಕ್ಕಾನೋ ಕಚ್ಚಾನೋ? ಮೂರು ತಲೆಮಾರು ನಿಂತ ಸಾಗವಾನಿ ಕಂಬದ ಮನಿ ಪಟ್ಟಿಯಾಗ ಕಚ್ಚಾ. ಮೊನ್ನೆ ಕಟ್ಟಿದ ಸಿಮೆಂಟಿನ ಒಂದು ಕೋಲಿ ಪಕ್ಕಾ. ದನದ ಜಾಗ ಬಿದ್ದರೆ ಅದು ಮನಿಯ ಭಾಗನೋ, "ಮನಿಗೆ ಹತ್ತಿದ ಕೊಟ್ಟಿಗೆ"ನೋ? ಕೊಟ್ಟಿಗೆ ದರದ್ದೋ, ಶೇಕಡಾವಾರಿಗೆ ಸೇರತೈತೋ? ಬರೆಯೋರ ಪೆನ್ನಿನ ಮ್ಯಾಲೆ ಇದು.

ಇದಕ್ಕಿಂತ ದೊಡ್ಡ ಮಾತು, ಮಣ್ಣಿನ ಗೋಡೆ ನೀರಾಗ ಬೀಳೂದಿಲ್ಲ. ಇದನ್ನ ನಮ್ಮ ಕಡೆ ಸಣ್ಣ ಹುಡುಗರೂ ಬಲ್ಲರು. ನೀರು ನಿಂತಾಗ ಗೋಡೆಗೆ ಎರಡೂ ಬದಿಯಿಂದ ನೀರಿನ ಆಸರೆ ಇರತೈತಿ. ಬುಡ ನೆನೆದು ಮೆತ್ತಗಾಗಿರತೈತಿ, ಆದರ ನಿಂತಿರತೈತಿ. ನೀರು ಇಳಿದ ಮೇಲೆ ಆಸರೆ ಹೋಗತೈತಿ, ಮಾಳಿಗಿ ಮಣ್ಣು ನೀರು ಕುಡಿದು ಭಾರ ಆಗಿರತೈತಿ, ಬುಡ ಒಣಗುತ್ತಾ ಸೀಳು ಬಿಡತೈತಿ. ನಾಲ್ಕನೇ ದಿನ, ಎಂಟನೇ ದಿನ, ಒಮ್ಮೊಮ್ಮೆ ಇಪ್ಪತ್ತನೇ ದಿನಕ್ಕ, ಬಿಸಲು ಬಿದ್ದು ಎಲ್ಲಾರೂ ಸಮಾಧಾನ ಆದಾಗ, ರಾತ್ರಿ ಹೊತ್ತು ಕುಸಿದು ಕುಂತು ಬಿಡತೈತಿ. ಸರ್ವೆ ಮಾಡೋರು ಮೂರನೇ ದಿನ ಬಂದು ಹೋಗಿರತಾರ. ಅವರ ಹಾಳಿಯಾಗ ಗೋಡೆ ನಿಂತೇ ಇರತೈತಿ.

2009ರ ಸೆಪ್ಟೆಂಬರ್ ಕಡೆ-ಅಕ್ಟೋಬರ್ ಮೊದಲಿನ ನೆರೆಯಾಗ ಈ ಪ್ರಶ್ನೆ ಅಷ್ಟು ಏಳಲಿಲ್ಲ, ಯಾಕಂದ್ರ ಹಾನಿ ಅಷ್ಟು ದೊಡ್ಡದಿತ್ತು. ಅದು ಬರೇ ಹೊಳಿ ನೀರಲ್ಲ, ಎರೆ ಸೀಮೆ ಮ್ಯಾಲೆ ಸುರಿದ ಮಳಿ. ಮ್ಯಾಲಿಂದ ಮಾಳಿಗಿ ಸೋರಿ, ಕೆಳಗಿಂದ ಹೊಳಿ ಒತ್ತಿ ಊರಿಗೂರೇ ಕರಗಿದವು. ರಾಜ್ಯದಾಗ 200ಕ್ಕೂ ಹೆಚ್ಚು ಮಂದಿ ಸತ್ತರು. ಆವಾಗ ಸರಕಾರ "ಆಸರೆ" ಅಂತ ಯೋಜನೆ ತಂತು. ದಾನಿಗಳ ಕೂಡ ಒಪ್ಪಂದ ಮಾಡಿಕೊಂಡು ಎತ್ತರದ ಜಾಗದಾಗ ಹೊಸ ಊರು ಕಟ್ಟೋದು. ಅಲ್ಲಿ ಸಾಬೀತು ಮಾಡಬೇಕಿದ್ದದ್ದು ಗೋಡೆಯನ್ನಲ್ಲ, "ಈ ಊರಾಗ ನಂದೊಂದು ಒಲಿ ಇತ್ತು" ಅನ್ನೋದನ್ನ. ಒಂದೇ ಕದ ನಂಬರಿನಾಗ ಮೂವರು ಅಣ್ಣತಮ್ಮಂದಿರು ಬ್ಯಾರೆ ಬ್ಯಾರೆ ಒಲಿ ಹೂಡಿದ್ದರು, ವಾಟ್ನಿ ಆಗಿತ್ತು, ಆದರ ಕಾಗದ ಆಗಿರಲಿಲ್ಲ. ಒಂದು ಮನಿಗೆ ಒಂದು ಆಸರೆ ಅಂದ್ರು. ಕೊಟ್ಟ ಹೊಸ ಮನಿಗಳು ಕಲ್ಲು-ಸಿಮೆಂಟಿನವು, ಗಟ್ಟಿ. ಆದರ ದನ ಕಟ್ಟಾಕ ಜಾಗ ಇಲ್ಲ, ಕಣಿಕಿ ಒಟ್ಟಾಕ ಜಾಗ ಇಲ್ಲ, ಹೊಲ ದೂರ. ಎಷ್ಟೋ ಮಂದಿ ತಿರುಗಿ ಹಳೇ ಊರಿಗೆ ಬಂದು ಬಿದ್ದ ಗೋಡೆ ಎತ್ತಿ ಕುಂತರು. ಹತ್ತು ವರ್ಷದ ಮೇಲೆ ಅದೇ ಗೋಡೆ ಮತ್ತೆ ಬಿದ್ದಾಗ "ನಿಮಗ ಆಸರೆ ಮನಿ ಆಗೇದಲ್ಲ" ಅನ್ನೋ ಮಾತು ಕೇಳಬೇಕಾತು.

ಆ ಹತ್ತು ವರ್ಷದ ಮೇಲಿನದು 2019ರ ಆಗಸ್ಟ್. ಈ ಸಲ ನಮ್ಮಲ್ಲಿ ಮಳಿ ಕಡಿಮಿ, ಖಾನಾಪುರ ಕಾಡಿನಾಗ ಹೆಚ್ಚು. ನವಿಲುತೀರ್ಥದ ಡ್ಯಾಮು ತುಂಬಿ ನೀರು ಬಿಟ್ಟರು. ಕೊಣ್ಣೂರು, ಹೊಳೆಆಲೂರು, ಮೆಣಸಗಿ ಕಡೆಯೆಲ್ಲಾ ನೀರು, ಪಟ್ಟದಕಲ್ಲಿನ ಗುಡಿಗಳೊಳಗೂ ಹೊಳಿ ಹೊಕ್ಕಿತು. ಈ ಸಲ ರಾಜ್ಯ ಸರಕಾರ ದಿಲ್ಲಿ ದರಕ್ಕ ತನ್ನ ದುಡ್ಡು ಸೇರಿಸಿ ದೊಡ್ಡ ಮೊತ್ತ ಹೇಳಿತು, ಅದು ಒಳ್ಳೇದೇ ಆತು. ಮನಿಗಳನ್ನ ಮೂರು ವರ್ಗ ಮಾಡಿದರು. 75%ಕ್ಕಿಂತ ಹೆಚ್ಚು ಬಿದ್ದದ್ದು ಎ, 25ರಿಂದ 75 ಬಿ, 15ರಿಂದ 25 ಸಿ. ಎ ಅಂದ್ರ 5 ಲಕ್ಷ. ಬಿ ಮೊದಲು 1 ಲಕ್ಷ ಇತ್ತು, ಆಮೇಲೆ ಕೆಡವಿ ಕಟ್ಟಿದರೆ 5 ಲಕ್ಷ, ದುರಸ್ತಿಗೆ 3 ಲಕ್ಷ ಅಂತ ಏರಿಸಿದರು. ಸಿ ಅಂದ್ರ 50 ಸಾವಿರ. ತಲಾಟಿ, ಪಿಡಿಒ, ಎಂಜಿನಿಯರು ಕೂಡಿ ನೋಡಿ ಬರೀಬೇಕು, ಫೋಟೋ ಹಾಕಬೇಕು, ರಾಜೀವ್ ಗಾಂಧಿ ವಸತಿ ನಿಗಮದ ಕಂಪ್ಯೂಟರಿಗೆ ಏರಿಸಬೇಕು.

ಕಡೀಗೂ ಮನಿಗೆ ಒಂದು ಆಣೆವಾರಿ ಬಂತು ಅನ್ರಿ. ಆದರ ಬೆಳೆ ಆಣೆವಾರಿಯಾಗ ನಾಲ್ಕಾಣೆ ಹೋಗಿ ಐದಾಣೆ ಆದರೆ ಅರ್ಧ ಕಂದಾಯದ ಮಾತು. ಇಲ್ಲಿ 24 ಹೋಗಿ 26 ಆದರೆ ಐವತ್ತು ಸಾವಿರಕ್ಕೂ ಲಕ್ಷಗಳಿಗೂ ಇರೋ ಅಂತರ. ಆ ಎರಡು ಪರ್ಸೆಂಟನ್ನ ಅಳಿಯೋ ಟೇಪು ಯಾವುದು? ಕಣ್ಣು. ನಾಲ್ಕು ಗೋಡೆಯಾಗ ಒಂದು ಬಿದ್ದರೆ 25 ಅನ್ನೋದು ಒಬ್ಬರ ಲೆಕ್ಕ, ಮಾಳಿಗಿ ನಿಂತೇತಿ ಅಂದ ಮ್ಯಾಲೆ 20 ಅನ್ನೋದು ಇನ್ನೊಬ್ಬರ ಲೆಕ್ಕ. ಹಿಂಗ ಕಣ್ಣಿನ ಮ್ಯಾಲೆ ಲಕ್ಷ ನಿಂತಾಗ ಕಣ್ಣಿಗೆ ಏನೇನು ಹಚ್ಚತಾರ ಅಂತ ನಾನು ಬಿಡಿಸಿ ಹೇಳಬೇಕಿಲ್ಲ. ನಿಂತ ಮನಿಗೆ ಎ, ಬಿದ್ದ ಮನಿಗೆ ಸಿ ಅನ್ನೋ ತಕರಾರು ಜಿಲ್ಲೆ ಜಿಲ್ಲೆಗೂ ಇದ್ದವು. ಎಲ್ಲಾ ಅಧಿಕಾರಿಗಳೂ ಹಂಗ ಅಂತಲ್ಲ. ದಿನಕ್ಕ ಅರವತ್ತು ಮನಿ ನೋಡಿದ ಹುಡುಗ ಎಂಜಿನಿಯರನ್ನ ನಾನು ಕಂಡೀನಿ, ಮೊಳಕಾಲ ತನಕ ರಾಡಿ, ಮಧ್ಯಾಹ್ನದ ರೊಟ್ಟಿ ನಮ್ಮ ಕಟ್ಟಿ ಮ್ಯಾಲೆ ಮೂರೂವರೆಗೆ ತಿಂದ.

ನಮ್ಮ ಓಣಿಯ ದೊಡ್ಡವ್ವನ ಮನಿ ಮಾತು ಹೇಳತೀನಿ. ವಯಸ್ಸು ಎಪ್ಪತ್ತರ ಮ್ಯಾಲೆ, ಗಂಡ ಇಲ್ಲ, ಒಂದು ಆಕಳು. ನೀರು ಇಳಿದ ನಾಲ್ಕನೇ ದಿನಕ್ಕ ಸರ್ವೆ ಆತು. ಮುಂದಿನ ಗೋಡೆಯ ಒಂದು ಮೂಲಿ ಜಾರಿತ್ತು, ಉಳಿದದ್ದು ನಿಂತಿತ್ತು. ಸಿ ಬರೆದರು. ಹನ್ನೊಂದನೇ ದಿನ ರಾತ್ರಿ ಹಿತ್ತಲ ಗೋಡೆ ಪೂರ್ತಿ ಕುಂತಿತು, ಜಂತಿ ಮುರಿದು ಮಾಳಿಗಿ ಜೋಲಿತು. ಪುಣ್ಯಕ್ಕ ಮುದುಕಿ ನಮ್ಮ ಪಡಸಾಲ್ಯಾಗ ಮಲಗಿದ್ದಳು. ಬೆಳಿಗ್ಗೆ ನೋಡಿ ಬಂದು ಒಂದೇ ಮಾತು, "ತಮ್ಮಾ, ಸಾಹೇಬ್ರು ನಿಂತೇತಿ ಅಂತ ಬರಕೊಂಡು ಹೋದ್ರು. ಈಗ ಬಿತ್ತು ಅಂದ್ರ ನಾನ ಕೆಡವೀನಿ ಅನ್ನೂದಿಲ್ಲೇನು?"

ಅದೇ ಆತು. ಅರ್ಜಿ ಕೊಟ್ಟೆವು, ಐದು ಮಂದಿ ಪಂಚರ ಸಹಿ ಹಾಕಿ ಪಂಚನಾಮೆ ಕೊಟ್ಟೆವು. ಮರು ಸರ್ವೆಗೆ ಬಂದಾಗ ನಲವತ್ತು ದಿನ ದಾಟಿತ್ತು. ಅಷ್ಟರಾಗ ಆಕಳ ಕಟ್ಟಬೇಕಲ್ಲ ಅಂತ ಬಿದ್ದ ಮಣ್ಣು ಎತ್ತಿ ತಿಪ್ಪಿ ಕಡೆ ಹಾಕಿದ್ದರು. "ಬಿದ್ದ ಮಣ್ಣು ಎಲ್ಲಿ? ಹಳೇ ಬಯಲಿದ್ದಂಗ ಕಾಣತೈತಿ" ಅಂದರು ಬಂದವರು. ಮಗ್ಗಲ ಮನಿ ಕಾಲೇಜ್ ಹುಡುಗ ಅವತ್ತು ಬೆಳಿಗ್ಗೆ ಮೊಬೈಲಿನಾಗ ತೆಗೆದ ಫೋಟೋ ಉಳಿಸಿತು. ತಾರೀಖು ಇತ್ತು, ಮುರಿದ ಜಂತಿ ಕಾಣತಿತ್ತು, ಹಿಂದ ದುರ್ಗವ್ವನ ಗುಡಿ ಕಾಣತಿತ್ತು. ಆ ಗುಡಿ ಕಂಡದ್ದಕ್ಕೇ ಇದು ಇದೇ ಮನಿ ಅಂತ ಒಪ್ಪಿದರು. ಬಿ ಆತು.

ಆದರ ಮನಿ ಉತಾರದಾಗ ಹೆಸರು ದೊಡ್ಡವ್ವಂದಲ್ಲ, ಆಕಿ ಗಂಡಂದೂ ಅಲ್ಲ, ಮಾವಂದು. ಅವರು ತೀರಿ ನಲವತ್ತು ವರ್ಷ. ಮರಣ ದಾಖಲೆ ಇಲ್ಲ, ವಂಶಾವಳಿ ಮಾಡಿಸಬೇಕು, ಮೈದುನನ ಮಕ್ಕಳ ಒಪ್ಪಿಗಿ ಬೇಕು. ಅವರು ಪುಣೆಕ ದುಡಿಯಾಕ ಹೋಗ್ಯಾರ. ಮೂರು ತಿಂಗಳು ಹೋತು. ದುಡ್ಡೂ ಒಮ್ಮೆಲೇ ಬರೂದಿಲ್ಲ. ಪಾಯ ಹಾಕಿ ಫೋಟೋ, ಲಿಂಟಲ್ ಏರಿಸಿ ಫೋಟೋ, ಸ್ಲ್ಯಾಬ್ ಹಾಕಿ ಫೋಟೋ. ಪಾಯ ತೋಡಾಕ ಮೊದಲ ದುಡ್ಡು ನಿಮ್ಮ ಕೈದೇ. ದೊಡ್ಡವ್ವ ಆಕಳ ಮಾರಿದಳು. ಯಾವ ಆಕಳ ಸಲುವಾಗಿ ಮಣ್ಣು ಎತ್ತಿ ಸಾಕ್ಷಿ ಕಳಕೊಂಡಿದ್ದಳೋ ಅದನ್ನೇ.

ನಮ್ಮ ಬೀಗರ ಹುಡುಗ ಅಮೆರಿಕಾದ ಹ್ಯೂಸ್ಟನ್ನಿನಾಗ ಇದ್ದಾನ. 2017ರ ಆಗಸ್ಟಿನ ಹಾರ್ವೆ ಚಂಡಮಾರುತದಾಗ ಅವನ ಮನಿಗೂ ನೀರು ಹೊಕ್ಕಿತ್ತು. ಊರಿಗೆ ಬಂದಾಗ ಇದೇ ಮಾತು ತೆಗೆದೆ, ನಿಮ್ಮಲ್ಲಿ ಹೆಂಗ ಅಂತ. ಅಲ್ಲಿ ವಿಮಾ ಬಿಟ್ಟು ಇನ್ನೊಂದು ದಾರಿ ಐತೆಂತ, ಆ ವರ್ಷದ ಆದಾಯ ತೆರಿಗೆ ಲೆಕ್ಕದಾಗ ಹಾನಿಯನ್ನ ಕಳೆಯೋದು. ಫಾರ್ಮ್ 4684 ಅಂತ. ಅಲ್ಲಿ ಕೇಳೋದು ಎಷ್ಟು ಗೋಡೆ ಬಿತ್ತು ಅಂತಲ್ಲ. ನೀರು ಬರೋದರ ಹಿಂದಿನ ದಿನ ಮನಿ ಬೆಲೆ ಎಷ್ಟು, ಮರುದಿನ ಎಷ್ಟು. ಆ ಇಳಿಕಿ ಒಂದು ಕಡೆ, ನೀವು ಮನಿಗೆ ಹಾಕಿದ ದುಡ್ಡು ಇನ್ನೊಂದು ಕಡೆ, ಎರಡರಾಗ ಯಾವುದು ಕಡಿಮಿ ಅದು. ಅದರಾಗ ವಿಮಾದಿಂದ ಬಂದದ್ದು ಕಳೀಬೇಕು. 1913ರ ಅವರ ಆದಾಯ ತೆರಿಗೆ ಕಾಯ್ದೆಯಾಗೇ ಬೆಂಕಿ, ಬಿರುಗಾಳಿ, ಹಡಗು ಮುಳುಗಿದ್ದರ ಹಾನಿ ಕಳೆಯಾಕ ಅವಕಾಶ ಇತ್ತು. ಆಮೇಲೆ ಬಿಗಿ ಮಾಡುತ್ತಾ ಬಂದರು. 1964ರಾಗ ಮೊದಲ 100 ಡಾಲರ್ ಲೆಕ್ಕಕ್ಕಿಲ್ಲ ಅಂದರು, 1982ರ ಕಾಯ್ದೆಯಾಗ ಆದಾಯದ 10% ದಾಟಿದ್ದಷ್ಟೇ ಅಂದರು. ಹಾರ್ವೆಯವರಿಗೆ ಆ 10% ಬಿಟ್ಟರು. 2018ರಿಂದ ಅವರ ಕೇಂದ್ರ ಸರಕಾರ ವಿಪತ್ತು ಅಂತ ಘೋಷಿಸಿದ್ದಕ್ಕ ಮಾತ್ರ ಅಂದರು. ಹಳೇ ಫೋಟೋ, ದುರಸ್ತಿ ಬಿಲ್ಲು, ಬೆಲೆ ಕಟ್ಟೋರ ವರದಿ, ಎಲ್ಲಾ ಅವನೂ ಕೂಡಿಸಿದನಂತ.

ಕೇಳಿ ನನಗ ಅನಿಸಿದ್ದು, ಅಳತಿಯಾಗ ಅವರದು ಶಾಣೇತನ. ಹಿಂದಿನ ಬೆಲೆ, ಮುಂದಿನ ಬೆಲೆ ಅಂದ್ರ ಹನ್ನೊಂದನೇ ದಿನ ಬಿದ್ದ ಗೋಡೆಯೂ ಅದರಾಗ ಬರತೈತಿ. ಆದರ ಆದಾಯದಾಗ ಕಳೆಯೋದು ಅಂದ ಮ್ಯಾಲೆ ಮೊದಲು ಆದಾಯ ಇರಬೇಕಲ್ಲ. ದೊಡ್ಡವ್ವನ ಆದಾಯದಾಗ ಏನು ಕಳೀತೀರಿ? ನಮ್ಮ ದೇಶದಾಗ ಬೇಸಾಯದ ಆದಾಯಕ್ಕ ಕೇಂದ್ರದ ಆದಾಯ ತೆರಿಗಿನೇ ಇಲ್ಲ. ನಮಗ ಕೈಗೆ ಕೊಡೋ ಪರಿಹಾರವೇ ಸರಿ, ಅಳಿಯೋ ರೀತಿ ಅವರಿಂದ ಸ್ವಲ್ಪ ಕಲಿಯಬಹುದು ಅಂತ ನನ್ನ ಮಾತು. ಸರ್ವೆ ಒಂದೇ ಸಲ ಅಲ್ಲ, ನೀರು ಇಳಿದ ಕೂಡಲೇ ಒಂದು, ತಿಂಗಳಿಗೆ ಇನ್ನೊಂದು ಅಂತ ಕಾಯಂ ನಿಯಮ ಮಾಡಿದರೆ ಅರ್ಧ ತಕರಾರು ಅಲ್ಲೇ ಮುಗೀತಾವ. ಮಣ್ಣಿನ ಗೋಡೆ ಕಂಡವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ.

2020ರ ಏಪ್ರಿಲ್ 24ಕ್ಕ ಕೇಂದ್ರದವರು ಸ್ವಾಮಿತ್ವ ಅಂತ ಯೋಜನೆ ಶುರು ಮಾಡಿದರು. ಡ್ರೋನ್ ಹಾರಿಸಿ ಗಾಂವಠಾಣದ ಒಳಗಿನ ಮನಿ ಮನಿ ಅಳೆದು ಕಾರ್ಡು ಕೊಡೋದು. ಕರ್ನಾಟಕ ಮೊದಲ ಸುತ್ತಿನಾಗೇ ಐತಿ. ವಿಂಗೇಟ್ ಸಾಹೇಬ ಬಿಟ್ಟ ಜಾಗವನ್ನ ನೂರೆಂಬತ್ತು ವರ್ಷದ ಮೇಲೆ ಆಕಾಶದಿಂದ ಅಳೀತಾರ. ಆಗಲಿ, ಬೇಕಾದದ್ದೇ. ಹೆಸರಿನ ತಕರಾರು ಸ್ವಲ್ಪ ಕಡಿಮಿ ಆದೀತು. ಆದರ ಡ್ರೋನಿಗೆ ಮಾಳಿಗಿ ಮ್ಯಾಲಿನ ಮಣ್ಣು ಕಾಣತೈತಿ, ಕೆಳಗಿನ ಕಂಬ ಕಾಣೂದಿಲ್ಲ, ಗೋಡೆ ಮಣ್ಣಿಂದೋ ಕಲ್ಲಿಂದೋ ಗೊತ್ತಾಗೂದಿಲ್ಲ.

ಅದಕ್ಕ ನಾನು ಎರಡು ವರ್ಷದಿಂದ ಒಂದು ಕೆಲಸ ಹಚ್ಚಿಕೊಂಡೀನಿ. ಒಂದು ಇನ್ನೂರು ಪುಟದ ನೋಟಬುಕ್. ಒಂದು ಮನಿಗೆ ಎರಡು ಪುಟ. ಎಷ್ಟು ಅಂಕಣ, ಗೋಡೆ ಯಾವುದರದ್ದು, ಎಷ್ಟು ಕಂಬ, ದನದ ಜಾಗ ಒಳಗೋ ಹೊರಗೋ, ಎಷ್ಟು ಒಲಿ, ಉತಾರದಾಗ ಯಾರ ಹೆಸರು, 2009ಕ್ಕ ಮತ್ತು 2019ಕ್ಕ ನೀರು ಎಲ್ಲಿ ತನಕ ಬಂದಿತ್ತು. ಮನಿಯವರ ಸಹಿ, ಮಗ್ಗಲಿನವರ ಸಹಿ, ತಾರೀಖು. ನಾಲ್ಕೂ ದಿಕ್ಕಿನಿಂದ ಫೋಟೋ, ಗುಡಿನೋ ಬೇವಿನ ಗಿಡನೋ ಕಾಣೋ ಹಂಗ. ಪಂಚಾಯ್ತಿಯವರಿಗೆ ತೋರಿಸಿ ಒಂದು ಝೆರಾಕ್ಸ್ ಅಲ್ಲಿ ಕೊಟ್ಟು ಪೋಚ್ ತಗೊಂಡೀನಿ. ನಮ್ಮ ಓಣಿಯ 31 ಮನಿಯಾಗ 22 ಮುಗಿದಾವ. ಉಳಿದ 9ರಾಗ ಮೂರು ಮನಿಗೆ ಬೀಗ, ದುಡಿಯಾಕ ಗೋವಾಕ್ಕ ಹೋಗ್ಯಾರ. ನಾಗರ ಪಂಚಮಿಗೆ ಬರತಾರ, ಅವಾಗ ಬರಕೋಬೇಕು. ಕಾಲಂ ಹೆಂಗ ಹಾಕೀನಿ ಅಂತ ಯಾರಿಗಾದರೂ ಬೇಕಾದರೆ ಹೇಳ್ರಿ, ಆ ಪುಟದ ಫೋಟೋ ಹಾಕತೀನಿ.